ಆಟೋಮ್ಯಾಟಿಕ್ ಗೇರಿನ ಕಾರಿಗೆ ಎಣ್ಣೆ ಮತ್ತು ಫಿಲ್ಟರ್: ಸಾಲ ತೆಗೆದವರು ತಿಳಿದಿರಬೇಕಾದದ್ದು



ಸಂಘದಿಂದ ಸಾಲ ಪಡೆದು ಹಸು ತಂದವರು ಅದಕ್ಕೆ ಏನು ಮೇವು ಹಾಕಬೇಕು, ಯಾವಾಗ ಲಸಿಕೆ ಕೊಡಿಸಬೇಕು ಎಂದು ವಿಚಾರಿಸಿಕೊಂಡೇ ತರುತ್ತಾರೆ. ಹೊಲಿಗೆ ಯಂತ್ರ ತಂದವರಿಗೆ ಎಲ್ಲೆಲ್ಲಿ ಎಣ್ಣೆ ಬಿಡಬೇಕು ಎಂಬುದು ಬಾಯಿಪಾಠ. ಕಾರಿನ ಮಾತು ಬಂದಾಗ ಮಾತ್ರ "ಅದೆಲ್ಲಾ ಅವರಿಗೇ ಗೊತ್ತು" ಎಂದು ಗಂಡನ ಕಡೆಗೋ ಮಗನ ಕಡೆಗೋ ಕೈ ತೋರಿಸಿಬಿಡುತ್ತೇವೆ. ಸಾಲದ ಪುಸ್ತಕದಲ್ಲಿ ಸಹಿ ಇರುವುದು ನಮ್ಮದು. ಗಾಡಿ ಗ್ಯಾರೇಜಿನಲ್ಲಿ ನಿಂತ ತಿಂಗಳೂ ಕಂತು ಕಟ್ಟಬೇಕಾದವರು ನಾವೇ.

ಈಗ ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಕ್ಲಚ್ ಇಲ್ಲದ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರುಗಳು ಹೆಚ್ಚಾಗಿವೆ. ಹೊಸದಾಗಿ ಓಡಿಸಲು ಕಲಿಯುವ ಹೆಣ್ಣುಮಕ್ಕಳಿಗೆ ಇವು ಸುಲಭ. ಗಿರಿ ನೋಡಲು ಬರುವವರನ್ನು ಕರೆದೊಯ್ಯಲು, ಹೋಂ ಸ್ಟೇ ಕೆಲಸಕ್ಕೆ, ಎಸ್ಟೇಟಿನ ಓಡಾಟಕ್ಕೆ ಅಂತ ಹಳೇ ಗಾಡಿಗಳನ್ನು ಕೊಳ್ಳುವವರೂ ಇದ್ದಾರೆ. ಎಂಜಿನ್ ಆಯಿಲ್ ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ಗೇರು ಪೆಟ್ಟಿಗೆಗೂ ಬೇರೆಯೇ ಎಣ್ಣೆ ಇದೆ, ಅದಕ್ಕೂ ಆಯಸ್ಸಿದೆ, ಅದರೊಳಗೊಂದು ಫಿಲ್ಟರ್ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಎಣ್ಣೆ ಬದಲಿಸಲು ಕೆಲವು ಸಾವಿರ ರೂಪಾಯಿ ಆಗುತ್ತದೆ. ಅದನ್ನು ಬಿಟ್ಟು ಗೇರು ಪೆಟ್ಟಿಗೆ ಕೆಟ್ಟರೆ, ದೊಡ್ಡ ಗಾಡಿಯಲ್ಲಿ ಖರ್ಚು ಲಕ್ಷ ದಾಟಬಹುದು.

ಮೊದಲು ನಿಮ್ಮದು ಯಾವ ಬಗೆ ಎಂದು ತಿಳಿಯಿರಿ

"ಆಟೋಮ್ಯಾಟಿಕ್" ಎಂಬ ಒಂದೇ ಹೆಸರಿನಡಿ ಮೂರ್ನಾಲ್ಕು ಬಗೆಯ ಯಂತ್ರಗಳಿವೆ. ಒಂದರ ಎಣ್ಣೆ ಇನ್ನೊಂದಕ್ಕೆ ಆಗುವುದಿಲ್ಲ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ.

ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಎಎಂಟಿ. 2014ರಲ್ಲಿ ಮಾರುತಿ ಸುಜುಕಿಯವರು ಸೆಲೆರಿಯೋ ಕಾರಿನಲ್ಲಿ ಇದನ್ನು ತಂದ ಮೇಲೆ ಕಡಿಮೆ ಬೆಲೆಯ ಗಾಡಿಗಳಿಗೂ ಇದು ಬಂತು. ಇದು ನಿಜವಾಗಿ ಮಾಮೂಲಿ ಗೇರು ಪೆಟ್ಟಿಗೆಯೇ. ಕ್ಲಚ್ಚೂ ಇದೆ. ನಮ್ಮ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಒಂದು ಸಣ್ಣ ಯಂತ್ರ ಮಾಡುತ್ತದೆ, ಅಷ್ಟೇ. ಇದಕ್ಕೆ ಬೇಕಾದ್ದು ಸಾಧಾರಣ ಗೇರ್ ಆಯಿಲ್. ಬದಲಿಸಲು ಒಳಗೆ ಫಿಲ್ಟರ್ ಇಲ್ಲ. ಕ್ಲಚ್ ಒತ್ತುವ ಆ ಸಣ್ಣ ಯಂತ್ರಕ್ಕೆ ಪ್ರತ್ಯೇಕವಾಗಿ ಸ್ವಲ್ಪ ಎಣ್ಣೆ ಇರುತ್ತದೆ, ಸರ್ವಿಸಿನಲ್ಲಿ ಅದರ ಮಟ್ಟ ನೋಡಿಸಿದರೆ ಸಾಕು.

ಎರಡನೆಯದು ಟಾರ್ಕ್ ಕನ್ವರ್ಟರ್ ಇರುವ ನಿಜವಾದ ಆಟೋಮ್ಯಾಟಿಕ್. ಇನ್ನೋವಾ ಕ್ರಿಸ್ಟಾದಂಥ ದೊಡ್ಡ ಗಾಡಿಗಳಲ್ಲಿ, ಕೆಲವು ಹಳೇ ಸಣ್ಣ ಕಾರುಗಳಲ್ಲಿಯೂ ಇದೆ. ಈ ಲೇಖನದಲ್ಲಿ ಹೆಚ್ಚು ಹೇಳುವುದು ಇದರ ಬಗ್ಗೆಯೇ. ಮೂರನೆಯದು ಸಿವಿಟಿ: ಗೇರಿನ ಹಲ್ಲುಗಳ ಬದಲು ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಇದಕ್ಕೆ ಅದರದೇ ಎಣ್ಣೆ ಬೇಕು, ಬೇರೆ ಹಾಕಿದರೆ ಬೆಲ್ಟ್ ಜಾರಿ ಕೆಡುತ್ತದೆ. ಎರಡು ಕ್ಲಚ್ ಇರುವ ಡಿಸಿಟಿ ಎಂಬ ಇನ್ನೊಂದು ಬಗೆಯೂ ಇದೆ, ನಮ್ಮ ಕಡೆ ಅದು ಕಡಿಮೆ.

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವ ಬಗೆ, ಯಾವ ಎಣ್ಣೆ, ಎಷ್ಟು ಲೀಟರ್ ಎಂದು ಬರೆದಿರುತ್ತದೆ. ಪುಸ್ತಕ ಕಳೆದಿದ್ದರೆ ಕಂಪನಿಯ ಶೋರೂಮಿನಲ್ಲಿ ಗಾಡಿಯ ಚಾಸಿ ನಂಬರ್ ಹೇಳಿ ಕೇಳಿ.

ಸ್ಕೂಟರ್ ಓಡಿಸುವ ಸದಸ್ಯೆಯರಿಗೂ ಇಲ್ಲಿ ಒಂದು ಮಾತು. 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ, ಆಮೇಲೆ ಬಂದ ಆಕ್ಟಿವಾ ಎಲ್ಲವೂ ಬೆಲ್ಟಿನ ಆಟೋಮ್ಯಾಟಿಕ್ ಗಾಡಿಗಳೇ. ಈಗಿನ ಪೆಟ್ರೋಲ್ ಸ್ಕೂಟರುಗಳಲ್ಲಿ ಎಂಜಿನ್ ಆಯಿಲ್ ಅಲ್ಲದೆ ಹಿಂದಿನ ಚಕ್ರದ ಹತ್ತಿರದ ಗೇರು ಪೆಟ್ಟಿಗೆಗೆ ಬೇರೆ ಎಣ್ಣೆ ಇರುತ್ತದೆ, ಸುಮಾರು ನೂರು ಮಿಲಿ ಚಿಲ್ಲರೆ. ಅರ್ಧ ಲೋಟವೂ ಆಗದ ಈ ಎಣ್ಣೆಯನ್ನು ಎಷ್ಟೋ ಕಡೆ ವರ್ಷಗಟ್ಟಲೆ ಮುಟ್ಟುವುದೇ ಇಲ್ಲ. ಮುಂದಿನ ಸರ್ವಿಸಿನಲ್ಲಿ "ಹಿಂದಿನ ಗೇರ್ ಆಯಿಲ್ ಹಾಕಿದ್ರಾ?" ಎಂದು ಕೇಳಿ.

ಈ ಎಣ್ಣೆ ಮಾಡುವ ಕೆಲಸ

ಎದುರು ಬದುರಾಗಿ ಎರಡು ಟೇಬಲ್ ಫ್ಯಾನ್ ಇಡಿ. ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದೂ ಮೆಲ್ಲಗೆ ತಿರುಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಆಗುವುದೂ ಹೀಗೆ. ಗಾಳಿಯ ಬದಲು ಅಲ್ಲಿ ಎಣ್ಣೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದೇ ಈ ಎಣ್ಣೆಯ ಮೂಲಕ. ಅದೇ ಎಣ್ಣೆ ಒತ್ತಡದಲ್ಲಿ ಸಣ್ಣ ಸಣ್ಣ ದಾರಿಗಳಲ್ಲಿ ಹರಿದು ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿಹಿಡಿದು ಗೇರು ಬದಲಿಸುತ್ತದೆ. ಲೋಹದ ಭಾಗಗಳು ಸವೆಯದಂತೆ ಜಾರಿಸುವುದು, ಬಿಸಿಯನ್ನು ಹೊತ್ತು ಹೊರಗೆ ಹಾಕುವುದು ಕೂಡ ಅದರದೇ ಕೆಲಸ.

ಕ್ಲಚ್ ಬಿಲ್ಲೆಗಳು ಸವೆದ ಪುಡಿ, ಲೋಹದ ನುಣ್ಣನೆ ಧೂಳು ಎಣ್ಣೆಯಲ್ಲಿ ಸೇರುತ್ತಾ ಹೋಗುತ್ತದೆ. ಅದನ್ನು ತಡೆಯುವುದೇ ಫಿಲ್ಟರ್. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಕಲಸುವಾಗ ಸುಣ್ಣವನ್ನು ಬಟ್ಟೆಯಲ್ಲಿ ಸೋಸದೆ ಹಾಕಿದರೆ ಏನಾಗುತ್ತದೆ? ನಾಜಲ್ ಕಟ್ಟಿಕೊಂಡು ಪಂಪು ಸುಮ್ಮನೆ ಹೊಡೆದುಕೊಳ್ಳುತ್ತದೆ. ಗೇರು ಪೆಟ್ಟಿಗೆಯ ಒಳಗೂ ಅಂಥದೇ ಪಂಪು, ನಾಜಲ್‌ಗಿಂತ ಕಿರಿದಾದ ದಾರಿಗಳು. ಫಿಲ್ಟರ್ ತುಂಬಿದರೆ ಎಣ್ಣೆ ಸಾಕಷ್ಟು ಬರುವುದಿಲ್ಲ, ಒತ್ತಡ ಬೀಳುತ್ತದೆ, ಬಿಲ್ಲೆಗಳು ಗಟ್ಟಿಯಾಗಿ ಹಿಡಿಯದೆ ಜಾರಿ ಸುಡುತ್ತವೆ.

ನಮ್ಮ ಗುಡ್ಡಗಾಡಿನಲ್ಲಿ ಯಾಕೆ ಬೇಗ ಕೆಡುತ್ತದೆ

ಈ ಎಣ್ಣೆಯ ದೊಡ್ಡ ಶತ್ರು ಬಿಸಿ. ಸಾಮಾನ್ಯ ಓಡಾಟದಲ್ಲಿ ಅದು 80-90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಹತ್ತು ಹತ್ತು ಡಿಗ್ರಿ ಏರಿದಂತೆ ಎಣ್ಣೆ ಹಾಳಾಗುವ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಬಯಲುಸೀಮೆಯ ಹೆದ್ದಾರಿಯಲ್ಲಿ ಕನ್ವರ್ಟರ್ ಒಳಗಿನ ಬೀಗ ಬಿದ್ದು ಗಾಡಿ ನೇರವಾಗಿ ಓಡುತ್ತದೆ, ಎಣ್ಣೆ ಅಷ್ಟು ಕಾಯುವುದಿಲ್ಲ. ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಆ ಬೀಗ ಬೀಳುವುದಿಲ್ಲ. ಎಣ್ಣೆ ಕಡೆದು ಕಡೆದು ಕಾಯುತ್ತದೆ.

ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಕೈಮರ ದಾಟಿ ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಶನಿವಾರ ಭಾನುವಾರ ಹೋಗಿದ್ದೀರಾದರೆ ಗೊತ್ತು: ಸಾಲಾಗಿ ನಿಂತ ಗಾಡಿಗಳು, ಹತ್ತು ಅಡಿ ಮುಂದೆ, ಮತ್ತೆ ನಿಲುಗಡೆ, ತುಂಬಾ ಜನ, ಮೇಲೆ ಲಗೇಜು. ಗೇರು ಪೆಟ್ಟಿಗೆಗೆ ಇದಕ್ಕಿಂತ ಕಷ್ಟದ ಕೆಲಸ ಬೇರೆ ಇಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ, ಕಳಸದಿಂದ ಕುದುರೆಮುಖದ ದಾರಿ, ಎಸ್ಟೇಟಿನ ಒಳಗಿನ ಮಣ್ಣು ರಸ್ತೆ, ಎಲ್ಲವೂ ಹಾಗೆಯೇ.

ಗಾಡಿಯ ಪುಸ್ತಕದಲ್ಲಿ "ಕಠಿಣ ಬಳಕೆ" ಎಂದು ಬೇರೆ ಪಟ್ಟಿ ಇರುತ್ತದೆ: ಬೆಟ್ಟದ ರಸ್ತೆ, ಧೂಳು, ಭಾರ, ಪದೇ ಪದೇ ಸಣ್ಣ ದೂರದ ಓಡಾಟ. ನಮ್ಮ ಮಲೆನಾಡಿನ ಗಾಡಿಗಳೆಲ್ಲ ಈ ಪಟ್ಟಿಯಲ್ಲೇ ಬರುತ್ತವೆ. ಹಾಗಾಗಿ ಸಾಧಾರಣ ಬಳಕೆಗೆ ಕೊಟ್ಟ ಕಿಲೋಮೀಟರ್ ನೋಡಬಾರದು, ಕಠಿಣ ಬಳಕೆಯದನ್ನೇ ನೋಡಬೇಕು. ಪುಸ್ತಕದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ 40,000 ಕಿ.ಮೀ.ಗೆ ಒಮ್ಮೆ ಬದಲಿಸಿದರೆ ಕ್ಷೇಮ. "ಇದು ಲೈಫ್‌ಟೈಮ್ ಎಣ್ಣೆ, ಬದಲಿಸೋದೇ ಬೇಡ" ಎನ್ನುವವರಿದ್ದಾರೆ. ಯಾರ ಲೈಫ್ ಎಂದು ಕೇಳಬೇಕು! ಘಟ್ಟದ ರಸ್ತೆಯ ಗಾಡಿಗೆ ಆ ಮಾತನ್ನು ನಂಬಬೇಡಿ ಎಂದೇ ನಮ್ಮ ಸಲಹೆ.

ಓಡಿಸುವ ರೀತಿಯಿಂದಲೂ ಎಣ್ಣೆಯ ಆಯಸ್ಸು ಹೆಚ್ಚುತ್ತದೆ. ಏರಿನಲ್ಲಿ ಸಾಲು ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕು ಅಥವಾ ಹ್ಯಾಂಡ್‌ಬ್ರೇಕ್ ಹಾಕಿ. ಎಎಂಟಿ ಕಾರಿಗಂತೂ ಇದು ಕಡ್ಡಾಯ, ಇಲ್ಲದಿದ್ದರೆ ಕ್ಲಚ್ ಸುಟ್ಟ ವಾಸನೆ ಅಲ್ಲೇ ಬರುತ್ತದೆ. ಘಾಟಿ ಇಳಿಯುವಾಗ ಡಿ ಯಲ್ಲೇ ಬಿಡದೆ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಇಳಿಸುವುದು ಪೆಟ್ರೋಲ್ ಉಳಿಸಲು ಅಂತ ಕೆಲವರು ಮಾಡುತ್ತಾರೆ, ಅದು ಜೀವಕ್ಕೇ ಅಪಾಯ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಗಾಡಿ ಒಂದೆರಡು ಕ್ಷಣ ಯೋಚನೆ ಮಾಡಿ ಆಮೇಲೆ ಹೊರಡುವುದು, ಗೇರು ಬದಲಾಗುವಾಗ ಹಿಂದಿನಿಂದ ಗುದ್ದಿದ ಹಾಗೆ ಆಗುವುದು, ಏರಿನಲ್ಲಿ ಎಂಜಿನ್ ಶಬ್ದ ಏರಿದರೂ ವೇಗ ಏರದಿರುವುದು, ಕೆಳಗೆ ಎಣ್ಣೆ ತೊಟ್ಟಿಕ್ಕುವುದು. ಇವು ಕಂಡರೆ ತಡಮಾಡಬೇಡಿ. ಬಹಳಷ್ಟು ಗಾಡಿಗಳಲ್ಲಿ ಈ ಎಣ್ಣೆಗೆ ಕೆಂಪು ಬಣ್ಣ ಸೇರಿಸಿರುತ್ತಾರೆ. ಸೋರಿದಾಗ ಎಂಜಿನ್ ಆಯಿಲ್ಲೋ ಇದೋ ಎಂದು ಗುರುತಿಸಲು ಅನುಕೂಲ. (ಹಸಿರು, ಹಳದಿ ಬಣ್ಣದವೂ ಇವೆ.)

ಕೆಲವು ಹಳೇ ಗಾಡಿಗಳಲ್ಲಿ ಗೇರು ಪೆಟ್ಟಿಗೆಗೂ ಅಳತೆ ಕಡ್ಡಿ ಇರುತ್ತದೆ. ಸಮತಟ್ಟಾದ ಜಾಗದಲ್ಲಿ, ಸ್ವಲ್ಪ ದೂರ ಓಡಿಸಿ ಬಿಸಿಯಾದ ಮೇಲೆ, ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಪಿ ಯಲ್ಲಿಟ್ಟು ನೋಡಬೇಕು. ಕಡ್ಡಿಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಡಿ. ತಿಳಿಗೆಂಪು ಇದ್ದರೆ ಚಿಂತೆಯಿಲ್ಲ. ಕಂದು ಬಣ್ಣವಾದರೆ ಬದಲಿಸುವ ಕಾಲ. ಕಪ್ಪಾಗಿ, ಹೊತ್ತಿದ ಅಡುಗೆಯ ವಾಸನೆ ಬಂದರೆ ಒಳಗೆ ಬಿಲ್ಲೆ ಸುಟ್ಟಿದೆ ಎಂದರ್ಥ. ಸುಟ್ಟ ಬಿಲ್ಲೆಯನ್ನು ಹೊಸ ಎಣ್ಣೆ ಸರಿಮಾಡುವುದಿಲ್ಲ, ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಮೆಕ್ಯಾನಿಕ್ಕಿನ ಜೊತೆ ಜಗಳ ಇರುವುದಿಲ್ಲ.

ಎಣ್ಣೆ ತಿಳಿ ಗುಲಾಬಿ ಹಾಲಿನ ಹಾಗೆ ಕಂಡರೆ ನೀರು ಸೇರಿದೆ. ಕೂಲಂಟ್ ಒಳಗೆ ಸೋರಿರಬಹುದು, ಅಥವಾ ಮಳೆಗಾಲದಲ್ಲಿ ಆಳದ ನೀರಿನಲ್ಲಿ ಗಾಡಿ ಇಳಿಸಿದಾಗ ಉಸಿರು ನಳಿಕೆಯ ಮೂಲಕ ನೀರು ಹೋಗಿರಬಹುದು. 2019ರ ಆಗಸ್ಟ್ ಮಳೆಯಲ್ಲಿ ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದದ್ದು ನೆನಪಿದೆಯಲ್ಲ. ಅಂಥ ದಿನಗಳಲ್ಲಿ ನೀರಿಗೆ ಇಳಿದ ಗಾಡಿಯ ಎಲ್ಲ ಎಣ್ಣೆಗಳನ್ನೂ ನೋಡಿಸಬೇಕು. ನೀರು ಸೇರಿದ ಎಣ್ಣೆಯಲ್ಲಿ ಓಡಿಸಿದರೆ ಬಿಲ್ಲೆಯ ಅಂಟು ಬಿಡುತ್ತದೆ.

ಬದಲಿಸುವ ಕೆಲಸ ಹೀಗೆ ನಡೆಯುತ್ತದೆ

ಇದನ್ನು ಮನೆಯಂಗಳದಲ್ಲಿ ಮಾಡಿ ಎಂದು ನಾವು ಹೇಳುತ್ತಿಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಬಿಸಿ ಎಣ್ಣೆ ಬಿದ್ದರೆ ಸುಡುತ್ತದೆ. ಆದರೆ ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂರಿಸಿ ಟೀ ತರಿಸಿಕೊಟ್ಟರೆ ಟೀ ಕುಡಿದು ಎದ್ದುಹೋಗಿ ನೋಡಿ.

ಗಾಡಿಯನ್ನು ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ, ಲಿಫ್ಟಿನ ಮೇಲೆ ಸಮವಾಗಿ ಏರಿಸುತ್ತಾರೆ. ತಿಳಿದ ಮೆಕ್ಯಾನಿಕ್ ಮೊದಲು ಎಣ್ಣೆ ತುಂಬುವ ಬಿರಡೆ ಬಿಚ್ಚಿಕೊಳ್ಳುತ್ತಾನಲ್ಲದೆ ಕೆಳಗಿನದನ್ನಲ್ಲ. ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದಿದ್ದರೆ ಗಾಡಿ ಅಲ್ಲೇ ಕೂತಿತು. ಆಮೇಲೆ ಕೆಳಗಿನ ಬಿರಡೆ ತೆಗೆದು ಎಣ್ಣೆ ಇಳಿಸುತ್ತಾರೆ. ಇಳಿದ ಎಣ್ಣೆಯನ್ನು ಅಳೆದು ಇಡಲು ಹೇಳಿ. ಎಷ್ಟು ಇಳಿಯಿತೋ ಅಷ್ಟು ಹಾಕುವುದು ಮೊದಲ ಲೆಕ್ಕ.

ನಂತರ ಕೆಳಗಿನ ತಟ್ಟೆ ಬಿಚ್ಚುತ್ತಾರೆ. ಅದರಲ್ಲಿ ಒಂದೆರಡು ಅಯಸ್ಕಾಂತದ ಬಿಲ್ಲೆಗಳಿರುತ್ತವೆ. ನೀವು ಕಣ್ಣಾರೆ ನೋಡಲೇಬೇಕಾದ್ದು ಇದನ್ನೇ. ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಗಸಿ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಒಳಗೆ ದೊಡ್ಡ ತೊಂದರೆ ಇದೆ. ಆಗ ಎಣ್ಣೆಗೆ ಹಣ ಹಾಕುವ ಮೊದಲು ಮುಂದೇನು ಎಂದು ಕೂತು ಮಾತಾಡಬೇಕು.

ತಟ್ಟೆಯ ಮೇಲ್ಗಡೆ ಫಿಲ್ಟರ್. ಹಳೆಯದು ತೆಗೆಯುವಾಗ ಅದರ ಕುತ್ತಿಗೆಯ ರಬ್ಬರ್ ಉಂಗುರ ಒಳಗೇ ಉಳಿದುಬಿಡುವುದುಂಟು. ಅದನ್ನು ತೆಗೆಯದೆ ಹೊಸದು ಕೂರಿಸಿದರೆ ಸರಿಯಾಗಿ ಕೂರದೆ ಪಂಪು ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ. ಕೆಲವು ಗಾಡಿಗಳಲ್ಲಿ ತಂತಿ ಬಲೆಯ ಫಿಲ್ಟರ್ ಇದ್ದು ತೊಳೆದರೆ ಸಾಕು. ಇನ್ನು ಕೆಲವದರಲ್ಲಿ ಇಡೀ ಪೆಟ್ಟಿಗೆ ಬಿಚ್ಚದೆ ಫಿಲ್ಟರ್ ಸಿಗುವುದೇ ಇಲ್ಲ. ಅಂಥ ಗಾಡಿಗೆ ಎಣ್ಣೆ ಮಾತ್ರ ಬದಲಿಸುತ್ತಾರೆ, ಅದು ಮೋಸವಲ್ಲ. ಆದರೆ ಬಿಲ್ಲಿನಲ್ಲಿ ಫಿಲ್ಟರ್ ಬರೆದಿದ್ದರೆ ಹಳೇ ಫಿಲ್ಟರ್ ತೋರಿಸಲು ಕೇಳುವುದು ನಿಮ್ಮ ಹಕ್ಕು.

ತಟ್ಟೆ ತೊಳೆದು, ಅಯಸ್ಕಾಂತ ಒರೆಸಿ ಇಟ್ಟು, ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟುಗಳನ್ನು ಸಮವಾಗಿ ಬಿಗಿಯುತ್ತಾರೆ. ಇಲ್ಲಿ ತಾಕತ್ತು ತೋರಿಸುವ ಕೆಲಸ ಇಲ್ಲ. ಅತಿಯಾಗಿ ಬಿಗಿದರೆ ತಟ್ಟೆ ಸೊಟ್ಟಗಾಗಿ ಸೋರುತ್ತದೆ.

ಹೊಸ ಎಣ್ಣೆ ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಪಿ, ಆರ್, ಎನ್, ಡಿ ಎಂದು ಒಂದೊಂದಕ್ಕೂ ಹಾಕಿ ಕೆಲವು ಕ್ಷಣ ಬಿಡುತ್ತಾರೆ. ಹೊಸ ಗಾಡಿಗಳಲ್ಲಿ ಕಡ್ಡಿ ಇಲ್ಲ. ಎಣ್ಣೆ ಕಂಪನಿ ಹೇಳಿದ ಬಿಸಿಗೆ ಬಂದಾಗ, ಅಂದರೆ ಹೆಚ್ಚಾಗಿ 40 ಡಿಗ್ರಿ ಆಸುಪಾಸಿನಲ್ಲಿ, ಮಟ್ಟದ ಬಿರಡೆ ತೆಗೆದು ಹೆಚ್ಚಿನದು ಹೊರಗೆ ಸೋರುವಂತೆ ಬಿಡುತ್ತಾರೆ. ಆ ಬಿಸಿ ತಿಳಿಯಲು ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಇಂಥ ಗಾಡಿಯ ಕೆಲಸ ಮಾಡಿಸದಿರುವುದೇ ಒಳ್ಳೆಯದು. ಎಣ್ಣೆ ಹೆಚ್ಚಾದರೆ ನೊರೆ ಬರುತ್ತದೆ, ಕಡಿಮೆಯಾದರೆ ಜಾರುತ್ತದೆ. ಎರಡೂ ಕೇಡೇ.

ಇನ್ನೊಂದು ವಿಷಯ: ಒಮ್ಮೆಗೆ ಎಣ್ಣೆಯೆಲ್ಲ ಇಳಿಯುವುದಿಲ್ಲ. ಏಳೆಂಟು ಲೀಟರ್ ಹಿಡಿಯುವ ಗಾಡಿಯಲ್ಲಿ ಮೂರ್ನಾಲ್ಕು ಲೀಟರ್ ಮಾತ್ರ ಬರುತ್ತದೆ, ಉಳಿದದ್ದು ಕನ್ವರ್ಟರಿನೊಳಗೆ ಇರುತ್ತದೆ. ಅದಕ್ಕೆ ಕೆಲವರು ಯಂತ್ರದಿಂದ ಒತ್ತಡ ಕೊಟ್ಟು ಪೂರ್ತಿ ತೊಳೆಯುತ್ತೇವೆ ಅನ್ನುತ್ತಾರೆ. ಕಾಲಕಾಲಕ್ಕೆ ಎಣ್ಣೆ ಬದಲಿಸಿಕೊಂಡು ಬಂದ ಗಾಡಿಗೆ ಅದು ಆಗಬಹುದು. ಲಕ್ಷ ಕಿ.ಮೀ. ಓಡಿ ಒಮ್ಮೆಯೂ ಬದಲಿಸದ ಗಾಡಿಗೆ ಬೇಡ. ಒತ್ತಡಕ್ಕೆ ಎದ್ದ ಗಸಿ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಇಳಿಸಿ ತುಂಬಿ, ಸಾವಿರ ಕಿ.ಮೀ. ಓಡಿಸಿ ಇನ್ನೊಮ್ಮೆ ಇಳಿಸಿ ತುಂಬುವುದೇ ಮೆತ್ತಗಿನ ದಾರಿ.

ಯಾವ ಎಣ್ಣೆ?

1967ರಲ್ಲಿ ಅಮೇರಿಕದ ಜನರಲ್ ಮೋಟರ್ಸ್ ಕಂಪನಿ ಡೆಕ್ಸ್ರಾನ್ ಎಂಬ ಹೆಸರು ತಂದಿತು. ಆಗಿನ ಕಾಲದಲ್ಲಿ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರಂತೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. 1970ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ರಾಸಾಯನಿಕಗಳು ಬಂದವು. ಈಗ ಟೊಯೋಟಾದವರದು ಒಂದು, ಹ್ಯುಂಡೈಯವರದು ಇನ್ನೊಂದು. "ಎಲ್ಲಾ ಗಾಡಿಗೂ ಆಗುತ್ತೆ" ಎಂಬ ಡಬ್ಬಿ ತೋರಿಸಿದರೆ, ನಿಮ್ಮ ಪುಸ್ತಕದಲ್ಲಿರುವ ಗುರುತು ಆ ಡಬ್ಬಿಯ ಮೇಲಿದೆಯೇ ಎಂದು ಓದಿ ನೋಡಿ. ಇಲ್ಲದಿದ್ದರೆ ಬೇಡ ಎನ್ನಿ. ಡಬ್ಬಿಯ ಸೀಲು ನಿಮ್ಮ ಎದುರೇ ಒಡೆಯಲಿ.

ಹಳೇ ಗಾಡಿ ಕೊಳ್ಳಲು ಸಂಘದಲ್ಲಿ ಅರ್ಜಿ ಬಂದಾಗ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಕೂಡ ಇದೇ: ಗೇರು ಎಣ್ಣೆ ಯಾವ ಕಿಲೋಮೀಟರಿನಲ್ಲಿ ಬದಲಿಸಿದ್ದಾರೆ, ಬಿಲ್ಲಿದೆಯಾ? ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಇಟ್ಟುಕೊಂಡು ಅಷ್ಟು ಹಣ ಬೆಲೆಯಲ್ಲಿ ಇಳಿಸಲು ಕೇಳಿ. ನೋಡಲು ಹೋದಾಗ ಪೇಟೆಯ ಸಪಾಟು ರಸ್ತೆಯಲ್ಲಿ ಮಾತ್ರ ಓಡಿಸಿ ತೋರಿಸಿದರೆ ಒಪ್ಪಬೇಡಿ. ಒಂದು ಒಳ್ಳೇ ಏರು ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ, ಹಿಂದಕ್ಕೂ ತೆಗೆಸಿ ನೋಡಿ.

ಹಳೇ ಎಣ್ಣೆ ಎಲ್ಲಿಗೆ?

ಇಳಿಸಿದ ಎಣ್ಣೆಯನ್ನು ಬೇಲಿ ಕಂಬಕ್ಕೆ ಬಳಿಯುವುದು, ಗೆದ್ದಲಿಗೆ ಸುರಿಯುವುದು, ಒಲೆ ಹೊತ್ತಿಸುವುದು ನಮ್ಮಲ್ಲಿ ರೂಢಿ. ಇದರಲ್ಲಿ ಲೋಹದ ಕಣ, ರಾಸಾಯನಿಕ ಎಲ್ಲ ಇರುತ್ತದೆ. ಹೊಗೆಯೂ ಕೆಟ್ಟದ್ದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಗ್ಯಾರೇಜಿನವರು ಅದನ್ನು ಪರವಾನಗಿ ಇದ್ದ ಮರುಬಳಕೆಯವರಿಗೆ ಕೊಡಬೇಕು. ಹೇಮಾವತಿ ಹುಟ್ಟುವುದು ಮೂಡಿಗೆರೆಯ ಜಾವಳಿಯಲ್ಲಿ, ಯಗಚಿ ಹುಟ್ಟುವುದು ಗಿರಿಯ ಸಾಲಿನಲ್ಲಿ. ಇಲ್ಲಿ ಚರಂಡಿಗೆ ಬಿಟ್ಟದ್ದು ಮೊದಲು ಬರುವುದು ಕೆಳಗಿನ ಲೈನ್‌ಮನೆಯವರು ಬಿಂದಿಗೆ ಹಿಡಿಯುವ ಹಳ್ಳಕ್ಕೆ. ಮನೆಯಲ್ಲಿ ಸ್ಕೂಟರಿನ ಎಣ್ಣೆ ಬದಲಿಸುವವರು ಹಳೆಯದನ್ನು ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ, ನೀರು ಬೆರೆಸದೆ, ಪೇಟೆಗೆ ಹೋದಾಗ ಗ್ಯಾರೇಜಿಗೆ ಕೊಡಿ.

ಕೆಲಸ ಮುಗಿದ ದಿನ, ತಾರೀಖು, ಮೀಟರಿನಲ್ಲಿದ್ದ ಕಿಲೋಮೀಟರ್, ಎಣ್ಣೆಯ ಹೆಸರು, ಹಾಕಿದ ಲೀಟರ್, ಫಿಲ್ಟರ್ ಬದಲಿಸಿದ್ದು ಹೌದೋ ಅಲ್ಲವೋ, ಕೊಟ್ಟ ಹಣ ಇಷ್ಟನ್ನು ಸಾಲದ ಪಾಸ್ ಪುಸ್ತಕದ ಕೊನೇ ಪುಟದಲ್ಲಿ ಬರೆದಿಡಿ. ಎರಡು ದಿನ ಬಿಟ್ಟು, ಗಾಡಿ ರಾತ್ರಿ ನಿಲ್ಲುವ ಜಾಗದಲ್ಲಿ ಒಂದು ಹಳೇ ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಕೆಂಪು ಚುಕ್ಕೆ ಕಂಡರೆ ಅದನ್ನೇ ತೆಗೆದುಕೊಂಡು ಗ್ಯಾರೇಜಿಗೆ ಹೋಗಿ ತೋರಿಸಿ.